ಟರ್ಬೊ ಗಾಡಿಯ ಎಕ್ಸಾಸ್ಟ್ ಸ್ಟಡ್ ತುಂಡಾದಾಗ: ಬಿಚ್ಚುವುದರಿಂದ ಬಿಗಿಯುವ ತನಕ

ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಅಂತ ಸದ್ದು. ಆಕ್ಸಿಲರೇಟರ್ ಒತ್ತಿದ ಹಾಗೆ ಸದ್ದೂ ಚುರುಕಾಗುತ್ತದೆ. ಹತ್ತು ನಿಮಿಷ ಓಡಿಸಿದ ಮೇಲೆ ತನ್ನಷ್ಟಕ್ಕೆ ತಗ್ಗುತ್ತದೆ. ಹೆಚ್ಚಿನವರು ಇದನ್ನು ವಾಲ್ವ್ ಒತ್ತುವ ಟ್ಯಾಪೆಟ್ ಸದ್ದು ಅಂದುಕೊಂಡು ಆಯಿಲ್ ಬದಲಿಸಿ ಸುಮ್ಮನಾಗುತ್ತಾರೆ. ಆಮೇಲೆ ಒಂದು ದಿನ ಕುಮಟಾದಿಂದ ಶಿರಸಿಗೆ ದೇವಿಮನೆ ಘಾಟ್ ಹತ್ತುವಾಗ ಗಾಡಿ ಎಳೆಯುವುದಿಲ್ಲ. ಎಕ್ಸಾಸ್ಟ್ ಗ್ಯಾಸಿನ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ತಡವಾಗಿ ಎತ್ತಿಕೊಳ್ಳುತ್ತದೆ, ಹಿಂದೆ ಕಪ್ಪು ಹೊಗೆ. ಬಾನೆಟ್ ಎತ್ತಿ ನೋಡಿದರೆ ಎಲ್ಲಾ ಸಿಲಿಂಡರಿನ ಹೊಗೆ ಒಟ್ಟು ಸೇರುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಹಿಡಿದಿಡುವ ಮೂಲೆಯ ಸ್ಟಡ್ (ತಲೆಯಿಲ್ಲದ ಬೋಲ್ಟ್) ತುಂಡಾಗಿ, ನಟ್ ಸಮೇತ ಎಲ್ಲೋ ಬಿದ್ದುಹೋಗಿರುತ್ತದೆ.

ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು, ಜಾಗ ಮತ್ತು ಸಮಯ ಇರುವವರು ಈ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಆದರೆ ಅರ್ಧ ದಿನದ ಕೆಲಸ ಅಂತ ಹಿಡಿಯಬೇಡಿ. ಎಲ್ಲ ಸಲೀಸಾಗಿ ಬಿಚ್ಚಿಕೊಂಡರೆ ಒಂದು ಪೂರ್ತಿ ದಿನ. ಒಂದು ಸ್ಟಡ್ ಎಂಜಿನ್ ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಒಳಗೇ ತುಂಡಾಗಿ ಉಳಿದರೆ ಇನ್ನೂ ಒಂದೆರಡು ದಿನ. ಹೊಸ ಸ್ಟಡ್ ಹಾಕುವುದು ಇದರಲ್ಲಿ ಸುಲಭದ ಭಾಗ. ಹಳೆಯದು ಯಾಕೆ ತುಂಡಾಯಿತು ಅಂತ ನೋಡದೆ ಮುಚ್ಚಿಬಿಟ್ಟರೆ ಹೊಸದೂ ಅದೇ ಜಾಗದಲ್ಲಿ ತುಂಡಾಗುತ್ತದೆ. ಹಾಗಾಗಿ ಕಾರಣದಿಂದಲೇ ಶುರು ಮಾಡೋಣ.

ಯಾಕೆ ತುಂಡಾಗುತ್ತದೆ

ಸಾಮಾನ್ಯವಾಗಿ ಎಂಜಿನ್ ಹೆಡ್ ಅಲ್ಯೂಮಿನಿಯಂನದ್ದು, ಮ್ಯಾನಿಫೋಲ್ಡ್ ಎರಕದ ಕಬ್ಬಿಣದ್ದು. ಹೆಡ್ ಒಳಗೆ ತಂಪು ಮಾಡುವ ಕೂಲೆಂಟ್ ನೀರು ಓಡುತ್ತಿರುತ್ತದೆ, ಹಾಗಾಗಿ ಅದರ ಬಿಸಿಗೆ ಒಂದು ಮಿತಿ ಇದೆ. ಮ್ಯಾನಿಫೋಲ್ಡಿಗೆ ಆ ಭಾಗ್ಯ ಇಲ್ಲ. ಲೋಡ್‌ನಲ್ಲಿ ಘಾಟ್ ಹತ್ತುವಾಗ ಅದು ನೂರಾರು ಡಿಗ್ರಿ ಬಿಸಿಯಾಗುತ್ತದೆ. 40 ಸೆಂಟಿಮೀಟರ್ ಉದ್ದದ ಎರಕದ ಕಬ್ಬಿಣ 600 ಡಿಗ್ರಿಯಷ್ಟು ಬಿಸಿ ಏರಿಸಿಕೊಂಡರೆ ಸುಮಾರು ಎರಡೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಹೆಡ್ ಅಷ್ಟು ಉದ್ದವಾಗುವುದಿಲ್ಲ. ಈ ವ್ಯತ್ಯಾಸವನ್ನು ತಡೆದುಕೊಳ್ಳುವುದು ಸ್ಟಡ್‌ಗಳು ಮತ್ತು ಹೆಡ್, ಮ್ಯಾನಿಫೋಲ್ಡ್ ಮಧ್ಯೆ ಕೂರುವ ತೆಳು ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್. ನಡುವಿನ ಸ್ಟಡ್‌ಗಳಿಗೆ ಎಳೆತ ಕಡಿಮೆ, ಎರಡೂ ತುದಿಯವಕ್ಕೆ ಜಾಸ್ತಿ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಒಂದನೇ ಮತ್ತು ನಾಲ್ಕನೇ ಸಿಲಿಂಡರಿನ ಹೊರಬದಿಯ ಸ್ಟಡ್ ಮೊದಲು ಹೋಗುವುದು ಇದೇ ಕಾರಣಕ್ಕೆ.

ಟರ್ಬೊ ಗಾಡಿಯಲ್ಲಿ ಇನ್ನೊಂದು ಭಾರ ಇದೆ. ಟರ್ಬೊ ಇಡೀ ಮ್ಯಾನಿಫೋಲ್ಡಿಗೆ ನೇತುಬಿದ್ದಿರುತ್ತದೆ. ಅದರ ಭಾರ ಹೊರಲು ಕಂಪನಿಯವರು ಕೆಳಗಿನಿಂದ ಎಂಜಿನ್ ಬ್ಲಾಕಿಗೆ ಒಂದು ಸಪೋರ್ಟ್ ಬ್ರ್ಯಾಕೆಟ್ ಕೊಟ್ಟಿರುತ್ತಾರೆ. ಹಿಂದೊಮ್ಮೆ ಕ್ಲಚ್ ಕೆಲಸಕ್ಕೋ ಟರ್ಬೊ ಕೆಲಸಕ್ಕೋ ಬಿಚ್ಚಿದವರು ಆ ಬ್ರ್ಯಾಕೆಟನ್ನು ವಾಪಸ್ ಹಾಕದೆ ಬಿಟ್ಟಿರುವುದು ತೀರ ಮಾಮೂಲಿ. ಕೈ ಹೋಗದ ಜಾಗದ ಬೋಲ್ಟ್ ಅದು. ‘ಒಂದು ಬೋಲ್ಟ್ ಇಲ್ಲದಿದ್ದರೆ ಎಂತ ಆಗ್ತದೆ ಮಾರಾಯ’ ಅಂತ ಬಿಟ್ಟರೆ ಆಗುವುದು ಇದೇ. ಹೊಂಡದ ರಸ್ತೆಯಲ್ಲಿ ಟರ್ಬೊ ಪ್ರತಿ ಸಲ ಕುಲುಕಿದಾಗಲೂ ಆ ಪೆಟ್ಟು ನೇರವಾಗಿ ಮ್ಯಾನಿಫೋಲ್ಡಿನ ಸ್ಟಡ್‌ಗಳ ಮೇಲೆ.

ಇನ್ನು ನಮ್ಮ ಊರಿನ ಪಾಲು. ಕಾರವಾರದಿಂದ ಭಟ್ಕಳದ ತನಕ ಉಪ್ಪುಗಾಳಿ. ಸ್ಟಡ್‌ನ ಕುತ್ತಿಗೆ ತುಕ್ಕು ಹಿಡಿದು ಸಪೂರವಾಗುತ್ತದೆ, ನಟ್ ಅದಕ್ಕೆ ಕಚ್ಚಿಕೊಂಡು ಒಂದೇ ತುಂಡಾಗಿಬಿಡುತ್ತದೆ. ಘಟ್ಟದ ಮೇಲೆ ಮಳೆಗಾಲ. ಅರಬೈಲ್ ಘಾಟ್ ಹತ್ತಿ ಕೆಂಡದಂತೆ ಕಾದ ಮ್ಯಾನಿಫೋಲ್ಡ್ ಯಲ್ಲಾಪುರದ ಕಡೆ ಮೊಣಕಾಲುದ್ದ ನೀರು ನಿಂತ ಹೊಂಡಕ್ಕೆ ಇಳಿದರೆ ಒಂದೇ ಕ್ಷಣದಲ್ಲಿ ತಣ್ಣಗಾಗುತ್ತದೆ. ಎರಕದ ಕಬ್ಬಿಣಕ್ಕೆ ಇದನ್ನು ತಾಳುವ ಶಕ್ತಿ ಇಲ್ಲ. ಬಿರುಕು ಬಿಡುತ್ತದೆ, ಇಲ್ಲವೇ ಬಾಗುತ್ತದೆ.

ಲೀಕ್ ಇರುವುದು ಅಲ್ಲೇ ಎಂದು ಖಾತ್ರಿ ಮಾಡಿಕೊಳ್ಳಿ

ಮೊದಲು ಕಣ್ಣಿನಿಂದ ನೋಡಿ. ಹೀಟ್ ಶೀಲ್ಡ್ ತೆಗೆದರೆ ಹೆಡ್ ಮತ್ತು ಮ್ಯಾನಿಫೋಲ್ಡ್ ಸೇರುವ ಗೆರೆ ಕಾಣುತ್ತದೆ. ಗ್ಯಾಸ್ ಹೊರಗೆ ಬರುತ್ತಿರುವ ಕಡೆ ಕಪ್ಪು ಮಸಿ ಬೀಸಣಿಗೆ ಹರಡಿದಂತೆ ಹಚ್ಚಿಕೊಂಡಿರುತ್ತದೆ. ಟಾರ್ಚ್ ಮತ್ತು ಸಣ್ಣ ಕನ್ನಡಿ ಇಟ್ಟುಕೊಂಡು ಕೆಳಸಾಲಿನ ಸ್ಟಡ್‌ಗಳನ್ನೂ ಎಣಿಸಿ. ಕೆಳಗಿನದು ತುಂಡಾಗಿದ್ದರೆ ಮೇಲಿನಿಂದ ಗೊತ್ತೇ ಆಗುವುದಿಲ್ಲ.

ಅನುಮಾನ ಉಳಿದರೆ ಸೋಪಿನ ನೀರಿನ ಪರೀಕ್ಷೆ ಮಾಡಿ. ಎಂಜಿನ್ ತಣ್ಣಗೆ, ಬಂದ್ ಇರಬೇಕು. ಸೈಲೆನ್ಸರ್ ಬಾಯಿಗೆ ಬ್ಲೋವರ್ ಇಟ್ಟು ಸುತ್ತ ಬಟ್ಟೆ ಸುತ್ತಿ ಗಾಳಿ ಬಿಡಿ. ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬರುವ ತುದಿಯೂ ಆಗುತ್ತದೆ. ಮ್ಯಾನಿಫೋಲ್ಡ್ ಸುತ್ತ ಸೋಪಿನ ನೀರು ಚಿಮುಕಿಸಿದರೆ ಲೀಕ್ ಇರುವಲ್ಲಿ ಗುಳ್ಳೆ ಏಳುತ್ತದೆ. ಟರ್ಬೊ ಮತ್ತು ಮ್ಯಾನಿಫೋಲ್ಡ್ ನಡುವಿನ ಜಾಯಿಂಟ್, ಇಜಿಆರ್ ಪೈಪಿನ (ಸ್ವಲ್ಪ ಎಕ್ಸಾಸ್ಟ್ ಗ್ಯಾಸನ್ನು ವಾಪಸ್ ಎಂಜಿನ್ನಿಗೆ ಒಯ್ಯುವ ಪೈಪು) ಜಾಯಿಂಟ್ ಎರಡನ್ನೂ ಇದೇ ಹೊತ್ತಿಗೆ ನೋಡಿಬಿಡಿ.

ಸಣ್ಣ ಲೀಕ್ ಅಲ್ವಾ, ಇರಲಿ ಅಂತ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ಟರ್ಬೊದ ಚಕ್ರ ತಿರುಗಿಸಬೇಕಾದ ಗ್ಯಾಸ್ ಟರ್ಬೊಗೆ ಮೊದಲೇ ಹೊರಗೆ ಹೋಗುತ್ತದೆ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಸಾಲದೆ ಎಂಜಿನ್ ಜಾಸ್ತಿ ಬಿಸಿಯಲ್ಲಿ ದುಡಿಯುತ್ತದೆ. ಪೆಟ್ರೋಲ್ ಟರ್ಬೊ ಆದರೆ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದು ಆಕ್ಸಿಜನ್ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತದೆ, ಪೆಟ್ರೋಲ್ ಸುಮ್ನೆ ಸುಡುತ್ತದೆ. ಬಿಸಿ ಗ್ಯಾಸ್ ಒಂದೇ ಜಾಗಕ್ಕೆ ಬಡಿಯುತ್ತಾ ಪಕ್ಕದ ವೈರಿಂಗ್, ಕೂಲೆಂಟ್ ಹೋಸ್ ಸುಡುತ್ತದೆ, ಕೊನೆಗೆ ಹೆಡ್‌ನ ಮುಖವನ್ನೇ ತಿಂದುಹಾಕುತ್ತದೆ. ಇವೆಲ್ಲಕ್ಕಿಂತ ದೊಡ್ಡದು ಕಾರ್ಬನ್ ಮೊನಾಕ್ಸೈಡ್. ಬಾನೆಟ್ ಕೆಳಗಿನ ಹೊಗೆ ಎಸಿಯ ಗಾಳಿಯ ಜೊತೆ ಗಾಡಿಯ ಒಳಗೆ ಬರುತ್ತದೆ. ಅದರಲ್ಲಿರುವ ಈ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಸಾಮಾನು ಮೊದಲೇ ತರಿಸಿಟ್ಟುಕೊಳ್ಳಿ

ಬಿಚ್ಚಿದ ಮೇಲೆ ಪಾರ್ಟ್ಸ್ ಹುಡುಕಲು ಹೊರಟರೆ ಗಾಡಿ ವಾರಗಟ್ಟಲೆ ಅಂಗಳದಲ್ಲೇ ನಿಲ್ಲುತ್ತದೆ. ಕಾರವಾರ, ಶಿರಸಿಯಲ್ಲಿ ಸಿಗದಿದ್ದದ್ದು ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್‌ನಲ್ಲಿ ಬರುತ್ತದೆ, ಆದರೆ ಅದಕ್ಕೂ ಒಂದೆರಡು ದಿನ ಬೇಕು. ಚಾಸಿ ನಂಬರ್ ಕೊಟ್ಟು ಆರ್ಡರ್ ಮಾಡಿ. ಒಂದೇ ಮಾಡೆಲ್‌ನಲ್ಲೂ ವರ್ಷದಿಂದ ವರ್ಷಕ್ಕೆ ಗ್ಯಾಸ್ಕೆಟ್ ಬದಲಾಗಿರುತ್ತದೆ.

ಬೇಕಾದದ್ದು: ಮ್ಯಾನಿಫೋಲ್ಡಿನ ಎಲ್ಲಾ ಸ್ಟಡ್ ಮತ್ತು ನಟ್, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಟರ್ಬೊ ಮತ್ತು ಮ್ಯಾನಿಫೋಲ್ಡ್ ನಡುವಿನದ್ದು, ಟರ್ಬೊದಿಂದ ಕೆಳಗಿಳಿಯುವ ಪೈಪಿನದ್ದು, ಆಯಿಲ್ ರಿಟರ್ನ್ ಪೈಪಿನ ಪ್ಯಾಕಿಂಗ್, ಆಯಿಲ್ ಬರುವ ಪೈಪಿನ ತಾಮ್ರದ ವಾಷರ್‌ಗಳು. ನೀರಿನಿಂದ ತಂಪಾಗುವ ಟರ್ಬೊ ಆದರೆ ಕೂಲೆಂಟ್ ಪೈಪಿನ ವಾಷರ್ ಮತ್ತು ಹೊಸ ಕೂಲೆಂಟ್. ಇಜಿಆರ್ ಪೈಪ್ ಬಿಚ್ಚಬೇಕಾದರೆ ಅದರ ಪ್ಯಾಕಿಂಗ್ ಕೂಡ.

‘ತುಂಡಾಗಿದ್ದು ಒಂದೇ ಸ್ಟಡ್ ಅಲ್ವಾ ಮಾರಾಯ್ರೆ, ಅದೊಂದನ್ನೇ ಹಾಕಿ ಕೊಡಿ’ ಅನ್ನುವ ಮಾತು ಗ್ಯಾರೇಜಿನಲ್ಲಿ ಆಗಾಗ ಕೇಳುತ್ತದೆ. ಒಂದು ತುಂಡಾಗುವಷ್ಟು ಎಳೆತ ಬಿದ್ದಿದ್ದರೆ ಪಕ್ಕದವೂ ಅಷ್ಟೇ ದಣಿದಿರುತ್ತವೆ. ಅದು ಹೋದ ಮೇಲೆ ಅದರ ಪಾಲಿನ ಭಾರವನ್ನೂ ಇವೇ ಹೊತ್ತಿವೆ. ಎಲ್ಲವನ್ನೂ ಬದಲಿಸಿ.

ಸ್ಟಡ್ ಬದಲಿಗೆ ಹಾರ್ಡ್‌ವೇರ್ ಅಂಗಡಿಯ ಬೋಲ್ಟ್, ಕತ್ತರಿಸಿದ ಥ್ರೆಡ್ ರಾಡ್ ಬೇಡವೇ ಬೇಡ. ಮಾಮೂಲಿ ಉಕ್ಕು ಆ ಬಿಸಿಗೆ ಮೆತ್ತಗಾಗಿ ಹಿಗ್ಗುತ್ತದೆ. ಸ್ಟೇನ್‌ಲೆಸ್ ಸ್ಟಡ್‌ಗೆ ಸ್ಟೇನ್‌ಲೆಸ್ ನಟ್ ಹಾಕಿದರೆ ಎರಡೂ ಕಚ್ಚಿಕೊಂಡು ಮುಂದಿನ ಸಲ ಬಿಚ್ಚಲು ಬರುವುದಿಲ್ಲ. ಕಂಪನಿಯ ಸ್ಟಡ್ ಅಥವಾ ಅದೇ ದರ್ಜೆಯ ಬಿಸಿ ತಾಳುವ ಸ್ಟಡ್ ತೆಗೆದುಕೊಳ್ಳಿ.

ಗಾಡಿ ನಿಲ್ಲಿಸುವುದು

ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಇಡಿ, ಜ್ಯಾಕ್ ಹಾಕಿ ಎತ್ತಿದ ಮೇಲೆ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ನಮ್ಮ ಕಡೆ ಒಂದು ಅಭ್ಯಾಸ ಇದೆ, ಅಂಗಳದ ಚಿರೇಕಲ್ಲನ್ನು ಒಂದರ ಮೇಲೊಂದು ಇಟ್ಟು ಗಾಡಿ ನಿಲ್ಲಿಸುವುದು. ಇದನ್ನು ಮಾಡಬೇಡಿ. ಚಿರೇಕಲ್ಲು ಮೇಲಿನಿಂದ ಗಟ್ಟಿ ಕಂಡರೂ ಒಂದು ಮೂಲೆಯ ಮೇಲೆ ಭಾರ ಬಿದ್ದರೆ ಪುಡಿಯಾಗುತ್ತದೆ, ಮಳೆಯಲ್ಲಿ ನೆನೆದದ್ದಂತೂ ಇನ್ನೂ ಬೇಗ. ಮಣ್ಣಿನ ಅಂಗಳವೇ ಗತಿಯಾದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ, ಮಳೆಗಾಲದಲ್ಲಿ ಅದೂ ಬೇಡ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ತುಕ್ಕಿನ ಪುಡಿ ಮೇಲಿನಿಂದ ನೇರ ಕಣ್ಣಿಗೆ ಬೀಳುವ ಕೆಲಸ ಇದು, ಹಾಗಾಗಿ ಕನ್ನಡಕ ಹಾಕಿಯೇ ಗಾಡಿಯ ಕೆಳಗೆ ಹೋಗಿ.

ಬಿಚ್ಚುವುದಕ್ಕೆ ಎರಡು ದಿನ ಮೊದಲೇ ಶುರು

ಕೆಲಸ ಭಾನುವಾರ ಅಂತಾದರೆ ಶುಕ್ರವಾರ ಸಂಜೆಯಿಂದಲೇ ಪ್ರತಿ ನಟ್‌ಗೂ ತುಕ್ಕು ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್ ಹೊಡೆಯಿರಿ. ಗಾಡಿ ಓಡಿಸಿ ಬಂದು, ಮ್ಯಾನಿಫೋಲ್ಡ್ ಕೈ ಮುಟ್ಟಬಹುದಾದಷ್ಟು ಉಗುರುಬೆಚ್ಚಗೆ ಆದಾಗ ಹೊಡೆದರೆ ಆಯಿಲ್ ಚೆನ್ನಾಗಿ ಒಳಗೆ ಇಳಿಯುತ್ತದೆ. ಬಿಸಿ ಮ್ಯಾನಿಫೋಲ್ಡ್ ಮೇಲೆ ಹೊಡೆದರೆ ಬೆಂಕಿ ಹೊತ್ತಿಕೊಳ್ಳಬಹುದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಧ್ಯೆ ಸಣ್ಣ ಸುತ್ತಿಗೆಯಿಂದ ನಟ್‌ನ ತಲೆಗೆ ಹಗುರವಾಗಿ ತಟ್ಟಿ. ಈ ಎರಡು ದಿನದ ತಾಳ್ಮೆ ಮುಂದೆ ಡ್ರಿಲ್ ಹಿಡಿಯುವ ಗಂಟೆಗಳನ್ನು ಉಳಿಸುತ್ತದೆ.

ಬಿಚ್ಚುವುದು

ಮುಟ್ಟುವ ಮೊದಲು ಮೊಬೈಲಿನಲ್ಲಿ ಎಲ್ಲಾ ಕಡೆಯಿಂದ ಫೋಟೊ ತೆಗೆಯಿರಿ. ಆಮೇಲೆ ಹೀಟ್ ಶೀಲ್ಡ್, ಟರ್ಬೊದ ಗಾಳಿ ಪೈಪ್‌ಗಳು, ಸೆನ್ಸರ್ ಕನೆಕ್ಟರ್‌ಗಳು, ಇಜಿಆರ್ ಪೈಪ್. ನೀರಿನ ಟರ್ಬೊ ಆದರೆ ಎಂಜಿನ್ ಪೂರ್ತಿ ತಣಿದ ಮೇಲೆ ಕೂಲೆಂಟ್ ಇಳಿಸಿ. ಆಯಿಲ್ ಪೈಪ್ ಬಿಚ್ಚಿ, ಕೆಳಗಿನ ಎಕ್ಸಾಸ್ಟ್ ಪೈಪ್ ಬಿಡಿಸಿ, ಕೊನೆಗೆ ಸಪೋರ್ಟ್ ಬ್ರ್ಯಾಕೆಟ್. ಅದು ಇದೆಯೋ, ಎರಡೂ ಬೋಲ್ಟ್ ಬಿಗಿಯಾಗಿವೆಯೋ, ಬಿರುಕು ಬಿಟ್ಟಿದೆಯೋ ಅಂತ ಅಲ್ಲೇ ನೋಡಿ ಬರೆದಿಟ್ಟುಕೊಳ್ಳಿ. ಡೀಸೆಲ್ ಗಾಡಿಯಲ್ಲಿ ಇಂಜೆಕ್ಟರಿಗೆ ಹೋಗುವ ಹೈ ಪ್ರೆಶರ್ ಪೈಪ್‌ಗಳ ತಂಟೆಗೆ ಹೋಗಬೇಡಿ.

ಬಿಚ್ಚಿದ ಪ್ರತಿ ಬಾಯಿಗೂ ಸ್ವಚ್ಛ ಬಟ್ಟೆ ತುರುಕಿ, ಮೇಲೆ ಟೇಪ್ ಹಾಕಿ. ಟರ್ಬೊದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದಕ್ಕೆ ಒಂದು ಸಣ್ಣ ವಾಷರ್ ಸಿಕ್ಕಿದರೂ ಟರ್ಬೊ ಮುಗಿಯಿತು. ಎಷ್ಟು ತುಂಡು ಬಟ್ಟೆ ಎಲ್ಲೆಲ್ಲಿ ಇಟ್ಟಿರಿ ಅನ್ನುವುದನ್ನು ಕಾಗದದ ಮೇಲೆ ಬರೆದು ಗ್ಲಾಸಿಗೆ ಅಂಟಿಸಿ. ವಾಪಸ್ ಜೋಡಿಸುವಾಗ ಲೆಕ್ಕ ಸರಿಹೋಗಬೇಕು.

ಈಗ ಮ್ಯಾನಿಫೋಲ್ಡಿನ ನಟ್‌ಗಳು. ಆರು ಮೂಲೆಯ ಸಾಕೆಟ್ ಬಳಸಿ. ಹನ್ನೆರಡು ಮೂಲೆಯದ್ದು ತುಕ್ಕು ಹಿಡಿದ ನಟ್‌ನ ಅಂಚನ್ನು ಉರುಟು ಮಾಡಿಬಿಡುತ್ತದೆ. ತುದಿಯಿಂದ ಶುರು ಮಾಡಿ ನಡುವಿಗೆ ಬನ್ನಿ. ಒಂದೇ ಸಲಕ್ಕೆ ಪೂರ್ತಿ ಬಿಚ್ಚದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸಿ.

ಇಲ್ಲಿ ಕೈಗೆ ಬರುವ ಅನುಭವವೇ ದೊಡ್ಡ ಗುರು. ನಟ್ ಬಿಡುವಾಗ ‘ಕಟಕ್’ ಅಂತ ಒಂದು ಗಟ್ಟಿ ಸದ್ದು ಬಂದು ಹ್ಯಾಂಡಲ್ ಹಠಾತ್ತನೆ ಸರಿಯುತ್ತದೆ. ಅದು ಒಳ್ಳೆಯ ಸುದ್ದಿ. ಹಾಗಲ್ಲದೆ ಹ್ಯಾಂಡಲ್ ಮೆತ್ತಗೆ ಹಿಂದಕ್ಕೆ ಬರುತ್ತಾ, ಕೈ ಬಿಟ್ಟರೆ ಸ್ವಲ್ಪ ಮುಂದಕ್ಕೆ ಹೋದರೆ, ನಟ್ ತಿರುಗುತ್ತಿಲ್ಲ, ಸ್ಟಡ್ ಹಿಂಡಿಕೊಳ್ಳುತ್ತಿದೆ ಅಂತ ಅರ್ಥ. ಅಲ್ಲೇ ನಿಲ್ಲಿಸಿ. ಇನ್ನೊಂದು ಕಾಲು ಸುತ್ತು ಎಳೆದರೆ ಅದು ಕತ್ತರಿಸುತ್ತದೆ. ಅದರ ಬದಲು ಒಂದು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ತಿರುಗಿಸಿ, ಆಯಿಲ್ ಹಾಕಿ, ಮತ್ತೆ ಬಿಚ್ಚುವ ದಿಕ್ಕಿಗೆ. ಹೀಗೆ ಹಿಂದೆ ಮುಂದೆ ಮಾಡುತ್ತಾ ಹೋದರೆ ತುಕ್ಕು ಪುಡಿಯಾಗಿ ಹೊರಗೆ ಬರುತ್ತದೆ.

ಆದರೂ ಬಿಡದಿದ್ದರೆ ಬೆಂಕಿಯ ಸರದಿ. ಮೊದಲು ಆಯಿಲ್ ಎಲ್ಲಾ ಒರೆಸಿ ತೆಗೆಯಿರಿ, ಸುತ್ತಲಿನ ವೈರಿಂಗ್ ಮತ್ತು ಹೋಸ್‌ಗೆ ಒದ್ದೆ ಬಟ್ಟೆ ಮುಚ್ಚಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಲಿ. ಗ್ಯಾಸ್ ಟಾರ್ಚ್‌ನಿಂದ ನಟ್‌ಗೆ ಬಿಸಿ ಕೊಡಿ, ಸ್ಟಡ್‌ಗೆ ಅಲ್ಲ. ನಟ್ ಹಿಗ್ಗಿದರೆ ಹಿಡಿತ ಬಿಡುತ್ತದೆ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಹಿಡಿಯಬೇಡಿ. ಕೆಲವು ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುತ್ತದೆ, ಬಿಸಿಯಾದರೆ ಪ್ರಾಣಕ್ಕೇ ಅಪಾಯವಾಗುವ ವಿಷಗಾಳಿ ಬರುತ್ತದೆ. ನಟ್ ಉರುಟಾಗಿ ಹೋಗಿದ್ದರೆ ನಟ್ ಸ್ಪ್ಲಿಟರ್ ಹಾಕಿ ಒಡೆಯಿರಿ, ಸ್ಟಡ್ ಉಳಿಯುತ್ತದೆ. ನಟ್ ಜೊತೆ ಸ್ಟಡ್ಡೇ ತಿರುಗಿ ಹೊರಗೆ ಬಂದರೆ ಇನ್ನೂ ಒಳ್ಳೆಯದು, ಹೇಗೂ ಬದಲಿಸುವುದೇ ತಾನೆ.

ಮುರಿದ ಸ್ಟಡ್ ತೆಗೆಯುವುದು

ಇಡೀ ಕೆಲಸದ ಗೆಲುವು ಸೋಲು ಇರುವುದು ಇಲ್ಲಿ. ಮುರಿದದ್ದು ಎಷ್ಟು ಹೊರಗಿದೆ ಅನ್ನುವುದರ ಮೇಲೆ ದಾರಿ ಬೇರೆ.

ಒಂದು ಸೆಂಟಿಮೀಟರ್ ಹೊರಗಿದ್ದು ಮರೆ (ಥ್ರೆಡ್) ಚೆನ್ನಾಗಿದ್ದರೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿಯಿರಿ, ಒಳಗಿನ ನಟ್‌ಗೆ ಸ್ಪ್ಯಾನರ್ ಹಾಕಿ ತಿರುಗಿಸಿ. ಸ್ಟಡ್ ಎಕ್ಸ್‌ಟ್ರ್ಯಾಕ್ಟರ್ ಸಾಕೆಟ್ ಇದ್ದರೆ ಇನ್ನೂ ಸುಲಭ. ಅದಕ್ಕೂ ಮೊದಲು ಸ್ಟಡ್‌ನ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಎರಡರಷ್ಟು ಹಿಗ್ಗುತ್ತದೆ, ಹಾಗಾಗಿ ತೂತು ಸಡಿಲವಾಗುತ್ತದೆ. ಆದರೆ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೆಡ್‌ನ ಮಿಶ್ರಲೋಹ ಅದಕ್ಕೂ ಮೊದಲೇ ಕರಗಿ ಸುರಿದುಬಿಡುತ್ತದೆ. ಒಂದು ಹನಿ ನೀರು ಬಿಟ್ಟರೆ ಚುರ್ ಅಂತ ಆರುವಷ್ಟು ಬಿಸಿ ಸಾಕು. ಆ ಬಿಸಿಯಲ್ಲಿ ಮೇಣದಬತ್ತಿಯನ್ನು ಸ್ಟಡ್‌ನ ಬುಡಕ್ಕೆ ಒತ್ತಿ ಹಿಡಿಯಿರಿ. ಕರಗಿದ ಮೇಣ ಮರೆಯೊಳಗೆ ತಾನಾಗಿಯೇ ಎಳೆದುಕೊಂಡು ಹೋಗುತ್ತದೆ.

ಹೆಡ್‌ನ ಮುಖಕ್ಕೆ ಸಮನಾಗಿ, ಅಥವಾ ಒಂದೆರಡು ಮಿಲಿಮೀಟರ್ ಮಾತ್ರ ಹೊರಗೆ ಇದ್ದರೆ ನಟ್ ವೆಲ್ಡ್ ಮಾಡಿಸುವುದೇ ಒಳ್ಳೆಯ ದಾರಿ. ಕೈ ಪಳಗಿದ ವೆಲ್ಡರ್ ಬೇಕು, ಮಿಗ್ ವೆಲ್ಡಿಂಗ್ ಸಿಕ್ಕರೆ ಉತ್ತಮ. ಸ್ಟಡ್ ಮೇಲೆ ಒಂದು ದಪ್ಪ ವಾಷರ್ ಇಟ್ಟು ವೆಲ್ಡ್ ಮಾಡಿ, ಅದರ ಮೇಲೆ ನಟ್ ಇಟ್ಟು ಒಳಗಿನಿಂದ ತುಂಬಿಸಿ. ಕಬ್ಬಿಣದ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಹಾಗಾಗಿ ಹೆಡ್ ಹಾಳಾಗುವ ಭಯ ಕಡಿಮೆ. ಕೆಂಪು ಆರಿದ ಮೇಲೆ, ಇನ್ನೂ ಬಿಸಿ ಇರುವಾಗಲೇ, ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಅಲುಗಾಡಿಸಿ. ವೆಲ್ಡಿಂಗಿನ ಬಿಸಿಯೇ ತುಕ್ಕಿನ ಹಿಡಿತ ಬಿಡಿಸಿರುತ್ತದೆ. ಮೊದಲ ನಟ್ ಕಿತ್ತು ಬಂದರೆ ಬೇಸರ ಬೇಡ, ಇನ್ನೊಂದು ಹಾಕಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಬರುವುದು ಮಾಮೂಲಿ. ವೆಲ್ಡ್ ಮಾಡುವ ಮೊದಲು ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕನೆಕ್ಟರ್ ತೆಗೆಯಿರಿ, ಅರ್ತ್ ಕ್ಲಾಂಪನ್ನು ಹೆಡ್‌ನ ಹತ್ತಿರವೇ ಹಾಕಿಸಿ.

ತೂತಿನ ಒಳಗೆ ಆಳದಲ್ಲಿ ಮುರಿದಿದ್ದರೆ ಡ್ರಿಲ್ ಮಾಡಲೇಬೇಕು. ಸ್ಟಡ್ ಗಟ್ಟಿ, ಸುತ್ತಲಿನ ಅಲ್ಯೂಮಿನಿಯಂ ಮೆತ್ತಗೆ. ಹಾಗಾಗಿ ಡ್ರಿಲ್ ಬಿಟ್ ಯಾವಾಗಲೂ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ಕಣ್ಣಳತೆಯಲ್ಲಿ ನಡುವಿಗೆ ಹೊಡೆಯುತ್ತೇನೆ ಅಂತ ಹೊರಟರೆ ತೂತು ಓರೆಯಾಗುತ್ತದೆ. ಇದಕ್ಕೆ ನನಗೆ ತುಂಬ ನಂಬಿಕೆ ಇರುವ ಉಪಾಯ ಒಂದಿದೆ. ಲೇತ್ ಅಂಗಡಿಯಲ್ಲಿ ಒಂದು ಸಣ್ಣ ಬುಷ್ ಮಾಡಿಸಿ. ಅದರ ಹೊರಗಿನ ಅಳತೆ ಮ್ಯಾನಿಫೋಲ್ಡಿನ ತೂತಿಗೆ ಸರಿಯಾಗಿ ಕೂರಬೇಕು, ಒಳಗೆ ನಟ್ಟನಡುವೆ 3 ಎಂಎಂ ತೂತು. ಆಮೇಲೆ ಮ್ಯಾನಿಫೋಲ್ಡನ್ನೇ ಉಳಿದ ಸ್ಟಡ್‌ಗಳ ಮೇಲೆ ಕೂರಿಸಿ ಎರಡು ನಟ್ ಹಾಕಿ. ತುದಿಯ ತೂತು ಸ್ವಲ್ಪ ದೊಡ್ಡದಾಗಿರುತ್ತದೆ, ಹಾಗಾಗಿ ಬುಷ್ ಸ್ಟಡ್‌ಗೆ ನೇರ ಬರುವಂತೆ ನೋಡಿ ಬಿಗಿಯಿರಿ. ಬುಷ್ ತೂರಿಸಿ ಅದರೊಳಗಿಂದ ಡ್ರಿಲ್ ಮಾಡಿ. ಬಿಟ್ ಅತ್ತಿತ್ತ ಜಾರಲು ಜಾಗವೇ ಇರುವುದಿಲ್ಲ.

ನಿಧಾನ ವೇಗ, ಕಟಿಂಗ್ ಆಯಿಲ್ ಧಾರಾಳ. ಪಕ್ಕದ ಸ್ಟಡ್ ಎಷ್ಟು ಒಳಗೆ ಕೂತಿತ್ತು ಅಂತ ಅಳೆದು, ಬಿಟ್ ಮೇಲೆ ಅಷ್ಟಕ್ಕೆ ಟೇಪ್ ಸುತ್ತಿ. ಅದಕ್ಕಿಂತ ಆಳ ಹೋದರೆ ಹಿಂದೆ ಕೂಲೆಂಟ್ ಓಡುವ ಜಾಗ ಇರಬಹುದು. 3 ಎಂಎಂ ಆದ ಮೇಲೆ 5. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ಬಳಸಿ, ಎಷ್ಟೋ ಸಲ ಕೊರೆಯುತ್ತಿರುವಾಗಲೇ ಸ್ಟಡ್ ತಿರುಗಿಕೊಂಡು ಹೊರಗೆ ಬರುತ್ತದೆ. ಹೆಚ್ಚಿನ ಕಾರುಗಳಲ್ಲಿ ಸ್ಟಡ್ 8 ಎಂಎಂ, 1.25 ಎಂಎಂ ಪಿಚ್ (ಮರೆಯ ಒಂದು ಸುತ್ತಿನಿಂದ ಮುಂದಿನದಕ್ಕೆ ಇರುವ ಅಂತರ). ಅದಕ್ಕೆ 6.5 ಎಂಎಂ ತನಕ ಕೊರೆದರೆ ಮರೆಯ ತೆಳು ಸುರುಳಿ ಮಾತ್ರ ಉಳಿಯುತ್ತದೆ. ಅದನ್ನು ಚೂಪು ಪಂಚ್‌ನಿಂದ ಒಳಕ್ಕೆ ಮಡಚಿ ಎಳೆದು ತೆಗೆಯಿರಿ. ಮರೆ ಸರಿ ಮಾಡುವ ಟ್ಯಾಪ್‌ಗೆ ಬೇಕಾದ ತೂತು 6.8 ಎಂಎಂ, ಅದನ್ನು ದಾಟಬೇಡಿ.

ಈಜಿ ಔಟ್ ಅನ್ನುವ ಸುರುಳಿ ಉಪಕರಣ ಎಲ್ಲಾ ಅಂಗಡಿಯಲ್ಲೂ ಸಿಗುತ್ತದೆ. ತುಕ್ಕು ಕಚ್ಚಿದ ಎಕ್ಸಾಸ್ಟ್ ಸ್ಟಡ್‌ಗೆ ಅದನ್ನು ಹಾಕಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಅದು ತೀರ ಗಟ್ಟಿ ಉಕ್ಕು, ಒಳಗೇ ಮುರಿಯುತ್ತದೆ. ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಗೀರೂ ಹಾಕುವುದಿಲ್ಲ. ಕಾರ್ಬೈಡ್ ಬಿಟ್ ಬೇಕು, ಇಲ್ಲವೇ ಹೆಡ್ ಬಿಚ್ಚಿ ಮಷಿನ್ ಶಾಪಿಗೆ ಒಯ್ಯಬೇಕು.

ಮರೆ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಮರೆಯಾಗಿ ಕೂರುವ ತಂತಿ ಸುರುಳಿ) ಹಾಕಬಹುದು, ಅಥವಾ ಗಟ್ಟಿ ಉಕ್ಕಿನ ಇನ್ಸರ್ಟ್. ಕಿಟ್‌ನಲ್ಲಿ ಬರುವ ಡ್ರಿಲ್ ಮತ್ತು ಟ್ಯಾಪನ್ನೇ ಬಳಸಿ. ಸರಿಯಾಗಿ ಹಾಕಿದ ಇನ್ಸರ್ಟ್ ಮೂಲ ಅಲ್ಯೂಮಿನಿಯಂ ಮರೆಗಿಂತ ಗಟ್ಟಿ, ಹಾಗಾಗಿ ಇದನ್ನು ತೇಪೆ ಕೆಲಸ ಅಂದುಕೊಳ್ಳಬೇಕಿಲ್ಲ.

ಎಂಜಿನ್ ಅಡ್ಡ ಕೂತು, ಮ್ಯಾನಿಫೋಲ್ಡ್ ಹಿಂಬದಿಗೆ, ಅಂದರೆ ಕ್ಯಾಬಿನ್ ಕಡೆಗೆ ಇರುವ ಗಾಡಿಗಳಲ್ಲಿ ಡ್ರಿಲ್ ನೇರ ಹಿಡಿಯಲು ಜಾಗವೇ ಇರುವುದಿಲ್ಲ. ಓರೆ ಡ್ರಿಲ್ ಮಾಡುವುದಕ್ಕಿಂತ ಹೆಡ್ ಇಳಿಸುವುದು ಅಥವಾ ಒಳ್ಳೆಯ ಗ್ಯಾರೇಜಿಗೆ ಗಾಡಿ ಎಳೆಸಿಕೊಂಡು ಹೋಗುವುದು ವಾಸಿ. ಆಗ ಅಲ್ಲಿಗೇ ನಿಲ್ಲಿಸುವುದು ಸರಿಯಾದ ತೀರ್ಮಾನ.

ಮುಖ ಸ್ವಚ್ಛ ಮಾಡುವುದು, ನೇರ ಇದೆಯೇ ನೋಡುವುದು

ಹಳೆಯ ಗ್ಯಾಸ್ಕೆಟ್‌ನ ಕಲೆ ತೆಗೆಯಲು ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಸ್ಕ್ರೇಪರ್ ಸಾಕು. ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಹಾಕಿ ಹೆಡ್ ಮೇಲೆ ಓಡಿಸಿದರೆ ಅಲ್ಲಲ್ಲಿ ತಗ್ಗು ಬೀಳುತ್ತದೆ. ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಆ ತಗ್ಗಿನಲ್ಲಿ ಲೀಕ್ ನಿಲ್ಲುವುದಿಲ್ಲ. ಸ್ಟಡ್ ತೂತುಗಳ ಮರೆಯನ್ನು ಥ್ರೆಡ್ ಚೇಸರ್‌ನಿಂದ ಸ್ವಚ್ಛ ಮಾಡಿ ಗಾಳಿ ಹೊಡೆಯಿರಿ. ತೂತಿನ ತಳದಲ್ಲಿ ಆಯಿಲ್ ನಿಂತಿದ್ದರೆ ಸ್ಟಡ್ ಹಾಕುವಾಗ ಅದಕ್ಕೆ ಹೋಗಲು ದಾರಿ ಇಲ್ಲದೆ ಹೆಡ್ ಬಿರುಕು ಬಿಡಬಹುದು. ಕೆಲವು ಎಂಜಿನ್‌ಗಳಲ್ಲಿ ಸ್ಟಡ್ ತೂತು ಕೂಲೆಂಟ್ ಜಾಗಕ್ಕೆ ತೆರೆದುಕೊಂಡಿರುತ್ತದೆ. ಬಿಚ್ಚಿದಾಗ ಕೂಲೆಂಟ್ ತೊಟ್ಟಿಕ್ಕಿದರೆ ಆ ಸ್ಟಡ್‌ಗೆ ಥ್ರೆಡ್ ಸೀಲಂಟ್ ಬೇಕು.

ಈಗ ಮ್ಯಾನಿಫೋಲ್ಡ್. ಉಕ್ಕಿನ ನೇರ ಪಟ್ಟಿಯನ್ನು ಉದ್ದಕ್ಕೆ ಇಟ್ಟು ಅಡಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ. ಎಷ್ಟು ಸಂದಿ ತನಕ ನಡೆಯುತ್ತದೆ ಅನ್ನುವುದನ್ನು ಆ ಗಾಡಿಯ ಸರ್ವಿಸ್ ಮ್ಯಾನುಯಲ್ ಹೇಳುತ್ತದೆ. 0.1 ಎಂಎಂ ಗೇಜ್ ಸಲೀಸಾಗಿ ಒಳಗೆ ಹೋಗುತ್ತಿದ್ದರೆ ನಾನು ಮ್ಯಾನಿಫೋಲ್ಡನ್ನು ಫೇಸಿಂಗ್‌ಗೆ, ಅಂದರೆ ಮುಖ ಮಟ್ಟ ಮಾಡಿಸಲು, ಕಳಿಸುತ್ತೇನೆ. ಬಾಗಿದ ಮ್ಯಾನಿಫೋಲ್ಡನ್ನು ನಟ್‌ನ ಬಲದಿಂದ ಎಳೆದು ಕೂರಿಸಿದರೆ ತುದಿಯ ಸ್ಟಡ್ ಮೇಲೆ ಮೊದಲ ದಿನದಿಂದಲೇ ಎಳೆತ ಶುರು. ಹೆಡ್‌ನ ಮುಖವನ್ನೂ ಇದೇ ಪಟ್ಟಿಯಿಂದ ನೋಡಿ.

ಪೋರ್ಟ್‌ಗಳ (ಗ್ಯಾಸ್ ಬರುವ ಬಾಯಿಗಳ) ನಡುವೆ, ಟರ್ಬೊ ಕೂರುವ ಫ್ಲೇಂಜ್ ಹತ್ತಿರ ಬಿರುಕು ಇದೆಯೇ ನೋಡಿ. ಆರಪಾರ ಬಿರುಕಿದ್ದರೆ ಬೇರೆ ಮ್ಯಾನಿಫೋಲ್ಡ್ ಹಾಕುವುದೇ ಸರಿ. ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಹಿಡಿಸಿದರೂ ಘಾಟ್ ರಸ್ತೆಯಲ್ಲಿ ಅದು ಹೆಚ್ಚು ದಿನ ಬಾಳುವುದಿಲ್ಲ. ಟರ್ಬೊ ಕೈಯಲ್ಲೇ ಇದೆಯಲ್ಲ, ಶಾಫ್ಟ್ ಹಿಡಿದು ಅಲುಗಾಡಿಸಿ. ಅಡ್ಡಕ್ಕೆ ಸ್ವಲ್ಪ ಆಟ ಇರುವುದು ಸಹಜ, ಆದರೆ ಚಕ್ರ ಗೋಡೆಗೆ ತಾಗಬಾರದು. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಆಟ ಇರಬಾರದು.

ಜೋಡಿಸುವುದು

ಹೊಸ ಸ್ಟಡ್‌ಗಳನ್ನು ಕೈಯಿಂದ ತಳ ಮುಟ್ಟುವ ತನಕ ತಿರುಗಿಸಿ, ಮ್ಯಾನುಯಲ್‌ನಲ್ಲಿ ಸ್ಟಡ್‌ಗೆ ಬೇರೆ ಟಾರ್ಕ್ (ಬಿಗಿಯುವ ಬಲದ ಅಳತೆ) ಇದ್ದರೆ ಅಷ್ಟು ಮಾತ್ರ ಬಿಗಿಯಿರಿ. ಬಲವಂತವಾಗಿ ತುರುಕಬೇಡಿ. ಗ್ಯಾಸ್ಕೆಟ್ ಒಣಗಿದ್ದೇ ಹಾಕಬೇಕು. ಸಿಲಿಕಾನ್, ಶೆಲ್ಲಾಕ್ ಯಾವುದೂ ಬೇಡ, ಸುಟ್ಟು ಹೋಗಿ ಸಂದಿ ಬಿಡುತ್ತದೆ. ಆಯಿಲ್ ರಿಟರ್ನ್ ಪೈಪಿಗಂತೂ ಸಿಲಿಕಾನ್ ಹಚ್ಚಲೇಬೇಡಿ. ಹೆಚ್ಚಾದದ್ದು ಒಳಗೆ ಉಂಡೆ ಕಟ್ಟಿ ಆಯಿಲ್ ವಾಪಸ್ ಹೋಗುವ ದಾರಿ ಮುಚ್ಚಿದರೆ ಟರ್ಬೊದ ಸೀಲ್‌ನಿಂದ ಆಯಿಲ್ ಸೋರುತ್ತದೆ.

ಪೋರ್ಟ್‌ಗಳೊಳಗಿನ ಬಟ್ಟೆ ತೆಗೆದು ಲೆಕ್ಕ ನೋಡಿ. ಮ್ಯಾನಿಫೋಲ್ಡ್ ಕೂರಿಸಿ ಎಲ್ಲಾ ನಟ್ ಬೆರಳಿನಿಂದ ಹತ್ತಿಸಿ. ನಡುವಿನಿಂದ ಶುರು ಮಾಡಿ ಎರಡೂ ಬದಿಗೆ, ಮೇಲೆ ಕೆಳಗೆ ಅದಲುಬದಲಾಗಿ, ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಎಂಎಂ ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು, ಆದರೆ ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ ಸಂಖ್ಯೆಯೇ ಕೊನೆಯ ಮಾತು. ಇದಕ್ಕೆ ಟಾರ್ಕ್ ರೆಂಚ್ ಬೇಕೇ ಬೇಕು. ಮರೆ ಕಚ್ಚದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚುವ ಮುಂಚೆ ಮ್ಯಾನುಯಲ್‌ನ ಸಂಖ್ಯೆ ಒಣ ಮರೆಗೆ ಕೊಟ್ಟದ್ದೇ ಅಂತ ನೋಡಿ. ಜಾರುವ ಮರೆಯಲ್ಲಿ ಅದೇ ಟಾರ್ಕ್ ಸ್ಟಡ್ಡನ್ನು ಜಾಸ್ತಿ ಎಳೆಯುತ್ತದೆ.

ಸಪೋರ್ಟ್ ಬ್ರ್ಯಾಕೆಟ್ ಮೊದಲು ಸಡಿಲವಾಗಿ ಹಾಕಿ. ಮ್ಯಾನಿಫೋಲ್ಡ್, ಟರ್ಬೊ, ಕೆಳಗಿನ ಪೈಪ್ ಎಲ್ಲವೂ ಬಿಗಿಯಾದ ಮೇಲೆ ಕೊನೆಗೆ ಇದನ್ನು ಬಿಗಿಯಿರಿ. ಮೊದಲೇ ಬಿಗಿದರೆ ಅದು ಟರ್ಬೊವನ್ನು ಒಂದು ಬದಿಗೆ ಎಳೆದು ಹಿಡಿಯುತ್ತದೆ. ಕಳೆದುಹೋಗಿದ್ದರೆ ಹೊಸದು ತರಿಸುವ ತನಕ ಗಾಡಿ ಓಡಿಸಬೇಡಿ.

ಆಯಿಲ್ ಪೈಪ್ ಜೋಡಿಸುವ ಮುಂಚೆ ಟರ್ಬೊದ ಆಯಿಲ್ ತೂತಿಗೆ ಸ್ವಚ್ಛ ಎಂಜಿನ್ ಆಯಿಲ್ ಹನಿಸಿ, ಚಕ್ರವನ್ನು ಬೆರಳಿನಿಂದ ತಿರುಗಿಸಿ. ತಾಮ್ರದ ವಾಷರ್ ಎಲ್ಲಾ ಹೊಸದೇ ಹಾಕಿ.

ಮೊದಲ ಸ್ಟಾರ್ಟ್

ಮ್ಯಾನುಯಲ್ ಹೇಳಿದ ರೀತಿಯಲ್ಲಿ ಫ್ಯುಯೆಲ್ ತಡೆದು, ಎಂಜಿನ್ ಹತ್ತದಂತೆ ಸ್ಟಾರ್ಟರ್ ಮಾತ್ರ ಕೆಲವು ಸೆಕೆಂಡ್‌ಗಳಂತೆ ಬಿಟ್ಟು ಬಿಟ್ಟು ತಿರುಗಿಸಿ. ಟರ್ಬೊಗೆ ಆಯಿಲ್ ತಲುಪುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ, ಕೆಲವು ನಿಮಿಷ ಐಡ್ಲಿಂಗ್‌ನಲ್ಲೇ ಬಿಡಿ, ರೇಸ್ ಕೊಡಬೇಡಿ. ಬಾಗಿಲು ಹಾಕಿದ ಶೆಡ್‌ನಲ್ಲಿ ಬೇಡ, ಬಯಲಿಗೆ ತನ್ನಿ. ಮ್ಯಾನಿಫೋಲ್ಡ್ ಮೇಲೆ ಬಿದ್ದ ಆಯಿಲ್ ಸುಟ್ಟು ಸ್ವಲ್ಪ ಹೊತ್ತು ಹೊಗೆ ಬರುತ್ತದೆ, ಗಾಬರಿ ಬೇಡ. ಹೊಗೆ ಜಾಸ್ತಿಯಾಗುತ್ತಾ ಹೋದರೆ ಬಂದ್ ಮಾಡಿ, ಆಯಿಲ್ ಪೈಪ್ ನೋಡಿ. ಕೂಲೆಂಟ್ ತುಂಬಿಸಿದ್ದರೆ ಅದರ ಗಾಳಿ ತೆಗೆಯಲು ಮರೆಯಬೇಡಿ.

ಕೆಲಸ ಸರಿಯಾಯಿತೇ ಅನ್ನುವುದು ಗೊತ್ತಾಗುವುದು ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಟಿಕ್ ಟಿಕ್ ಇಲ್ಲದಿದ್ದರೆ ಒಂದು ಘಾಟ್ ಹತ್ತಿಸಿ ಬನ್ನಿ. ಮೇಲೆ ತಲುಪಿದ ಮೇಲೆ ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೇ ಬಂದ್ ಮಾಡಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತಣ್ಣಗಿನ ಎಂಜಿನ್‌ನಲ್ಲಿ ಹೀಟ್ ಶೀಲ್ಡ್ ತೆಗೆದು ಹೊಸ ಮಸಿ ಗೆರೆ ಇದೆಯೇ, ಬ್ರ್ಯಾಕೆಟ್‌ನ ಬೋಲ್ಟ್ ಬಿಗಿ ಇದೆಯೇ ನೋಡಿ. ಮ್ಯಾನುಯಲ್ ಮತ್ತೆ ಬಿಗಿಯಲು ಹೇಳಿದ್ದರೆ ಅದೇ ಟಾರ್ಕ್‌ಗೆ ಒಮ್ಮೆ ಬಿಗಿಯಿರಿ, ಹೇಳಿರದಿದ್ದರೆ ನಟ್‌ಗಳನ್ನು ಮುಟ್ಟದೆ ಶೀಲ್ಡ್ ವಾಪಸ್ ಹಾಕಿ.